ಹಳೇ ಸಿಬಿಆರ್ 250ಆರ್ ಕೊಂಡು ಲಾಂಗ್ ರೈಡಿಗೆ ಸಿದ್ಧ ಮಾಡೋದು: ಮೊದಲು ಯಾವುದಕ್ಕೆ ದುಡ್ಡು ಹಾಕಬೇಕು?

ಮೈಸೂರ್‌ಮೈಲು

ಎಲ್ಲರಿಗೂ ನಮಸ್ಕಾರ. 2012ರ ಹೋಂಡಾ ಸಿಬಿಆರ್ 250ಆರ್ ನೋಡ್ತಿದ್ದೀನಿ. ಸಿ-ಎಬಿಎಸ್ (ಮುಂದಿನ, ಹಿಂದಿನ ಬ್ರೇಕ್ ಕೂಡಿ ಕೆಲಸ ಮಾಡೋ ಎಬಿಎಸ್) ಮಾಡೆಲ್, ಮೀಟರ್‌ನಲ್ಲಿ 46,000 ಕಿ.ಮೀ., ಎರಡನೇ ಓನರ್, ಕೆಎ ನಂಬರ್. ಟ್ರ್ಯಾಕಿಗಲ್ಲ. ಮಲೆನಾಡು, ಕರಾವಳಿ ಕಡೆಗೆ ಇಬ್ಬರು ಕೂತು, ಎರಡು ಸ್ಯಾಡಲ್ ಬ್ಯಾಗ್ ಹಾಕಿ, ದಿನಕ್ಕೆ 400 ಕಿ.ಮೀ. ಓಡಿಸೋಕೆ ಬೇಕು. ಮನಸ್ಸಿನಲ್ಲಿರೋ ಪಟ್ಟಿ: ಸೈಲೆನ್ಸರ್, ಎಲ್‌ಇಡಿ ಬಲ್ಬ್, ಹಿಂದೆ 150ರ ಟೈರ್, ಎತ್ತರದ ವೈಸರ್. ಪಟ್ಟಿ ಸರಿ ಇದೆಯಾ? ಕೊಳ್ಳೋ ಮುಂಚೆ ಏನೇನು ನೋಡಬೇಕು?

ಸ್ಪ್ಯಾನರ್‌ಸೆಟ್

ಗಾಡಿ ಆಯ್ಕೆ ಒಳ್ಳೇದೇ. 2011ರಲ್ಲಿ ಬಂದಾಗಿನಿಂದ ಎಷ್ಟೋ ಜನ ಇದನ್ನ ರೇಸ್ ಬೈಕ್ ಅಂದುಕೊಂಡೇ ಓಡಿಸಿದ್ದಾರೆ. ಮುಖ ನೋಡಿ, ವಿಎಫ್‌ಆರ್ 1200ಎಫ್ ಅನ್ನೋ ದೊಡ್ಡ ಟೂರರ್‌ದು. ಹ್ಯಾಂಡಲ್ ಎತ್ತರಕ್ಕಿದೆ, ಟ್ಯಾಂಕ್ 13 ಲೀಟರ್, ಒಂದೇ ಸಿಲಿಂಡರ್, 7,000 ಆರ್‌ಪಿಎಂಗೆ 22.9 ನ್ಯೂಟನ್ ಮೀಟರ್ ಟಾರ್ಕ್. ದೂರ ಹೋಗೋಕೇ ಮಾಡಿದ ಗಾಡಿ. ಆದರೆ ನಿಮ್ಮ ಪಟ್ಟಿ ಒಪ್ಪಲ್ಲ. ಅದರಲ್ಲಿ ಬ್ರೇಕಿನ ಮಾತಿಲ್ಲ, ಸಸ್ಪೆನ್ಷನ್ ಮಾತಿಲ್ಲ. ಹದಿಮೂರು ಹದಿನಾಲ್ಕು ವರ್ಷದ ಗಾಡೀಲಿ ಮೊದಲು ಸೋಲೋದೇ ಅವೆರಡು.

ನೋಡೋಕೆ ಹೋಗುವಾಗ ಮಾಲೀಕರಿಗೆ ಮೊದಲೇ ಹೇಳಿ: ಗಾಡಿ ಸ್ಟಾರ್ಟ್ ಮಾಡಿ ಇಟ್ಟಿರಬೇಡಿ ಅಂತ. ಎಂಜಿನ್ ತಣ್ಣಗಿರುವಾಗ ಸ್ಟಾರ್ಟ್ ಮಾಡಿದ್ರೇನೇ ಕ್ಯಾಮ್ ಚೈನ್ ಟೆನ್ಷನರ್ (ಎಂಜಿನ್ ಒಳಗಿನ ಚೈನನ್ನ ಬಿಗಿ ಹಿಡಿಯೋ ಭಾಗ) ಬಂಡವಾಳ ಗೊತ್ತಾಗೋದು. ಒಂದೆರಡು ಸೆಕೆಂಡ್ ಗಲಗಲ ಅಂದು ನಿಂತುಹೋದ್ರೆ ಟೆನ್ಷನರ್ ಬದಲಿಸಿ ಮುಂದೆ ಹೋಗಬಹುದು. ಬಿಸಿಯಾದ ಮೇಲೂ ಕೆಳಗಿನಿಂದ ದಪ್ಪ ಸದ್ದು ಬರ್ತಾ ಇದ್ರೆ ಆ ಗಾಡಿ ಬಿಟ್ಟುಬಿಡಿ, ಎಷ್ಟೇ ಕಮ್ಮಿಗೆ ಕೊಟ್ರೂ ಬೇಡ.

ಆಮೇಲೆ ಫ್ಯಾನ್ ಬರೋ ತನಕ ನಿಂತಲ್ಲೇ ಐಡಲ್‌ನಲ್ಲಿ ಬಿಡಿ. ಬೇಸರ ಆಗುತ್ತೆ, ಆದರೂ ಬಿಡಿ. ಟೆಂಪರೇಚರ್ ಗೀಟುಗಳು ಏರ್ತಾ ಹೋದ್ರೂ ಫ್ಯಾನ್ ಸುಮ್ಮನಿದ್ರೆ ಮೋಟರ್, ರಿಲೇ ಅಥವಾ ವೈರಿಂಗ್ ಕೆಟ್ಟಿದೆ. ಎಡಬಲ ಫೇರಿಂಗ್ ಒಳಗೆ ಟಾರ್ಚ್ ಬಿಟ್ಟು ವಾಟರ್ ಪಂಪ್ ಕೆಳಗಿನ ಸಣ್ಣ ತೂತು ಹುಡುಕಿ. ಅಲ್ಲಿ ಕೂಲಂಟ್ ಕಲೆ ಇದ್ರೆ ಪಂಪಿನ ಮೆಕ್ಯಾನಿಕಲ್ ಸೀಲ್ ಹೋಗಿದೆ, ಎಣ್ಣೆ ಜಿನುಗಿದ್ರೆ ಆಯಿಲ್ ಸೀಲ್. ತೂತನ್ನ ಎಂ-ಸೀಲ್ ಹಾಕಿ ಮುಚ್ಚಿದ್ರೆ ಇನ್ನೂ ಕೆಟ್ಟದ್ದು: ಹೊರಗೆ ಬರಬೇಕಾದ ನೀರು ಆಯಿಲ್ ಕಡೆ ನುಗ್ಗುತ್ತೆ. ಆಯಿಲ್ ಕ್ಯಾಪ್ ಬಿಚ್ಚಿದಾಗ ಹಾಲು ಬೆರೆಸಿದ ಕಾಫಿ ಬಣ್ಣ ಕಂಡ್ರೆ ಅಲ್ಲಿಗೆ ಮಾತು ಮುಗೀತು.

ಕೋನ್ ಸೆಟ್ (ಹ್ಯಾಂಡಲ್ ತಿರುಗೋ ಜಾಗದ ಬೇರಿಂಗ್): ಇದಕ್ಕೆ ಸೆಂಟರ್ ಸ್ಟ್ಯಾಂಡ್ ಇಲ್ಲ. ಒಬ್ಬರು ಸೈಡ್ ಸ್ಟ್ಯಾಂಡ್ ಮೇಲೆ ವಾಲಿಸಿ ಮುಂದಿನ ಚಕ್ರ ನೆಲ ಬಿಡಿಸಿ ಹಿಡೀಲಿ, ಇನ್ನೊಬ್ಬರು ಹ್ಯಾಂಡಲ್ಲನ್ನ ಎರಡೇ ಬೆರಳಲ್ಲಿ ನಿಧಾನ ತಿರುಗಿಸಲಿ. ನಟ್ಟನಡುವೆ ಕಟ್ಟು ಬಿದ್ದ ಹಾಗೆ ನಿಂತ್ರೆ ಕೋನ್ ಸೆಟ್ ಹೊಸದು ಬೇಕು. ಟೈಟ್ ಮಾಡಿಸಿದ್ರೆ ಆಟ ಹೋಗುತ್ತೆ, ಕಟ್ಟು ಹೋಗಲ್ಲ. ಬಾಲ್ ರೇಸ್‌ನಲ್ಲಿ ಬಿದ್ದ ಗುಳಿ ಹಾಗೇ ಇರುತ್ತೆ. ಹೇಗೂ ಬಿಚ್ಚಿದ ಮೇಲೆ ಟೇಪರ್ ರೋಲರ್ ಬೇರಿಂಗ್ ಹಾಕಿಸಿ. ಕೆಲಸದ ಕೂಲಿ ಎರಡಕ್ಕೂ ಒಂದೇ.

ತಂತಿಗಂಟು

ಎಲೆಕ್ಟ್ರಿಕಲ್ ಕಡೆಯದು ಸೇರಿಸ್ತೀನಿ. ಒಂದು ಮಲ್ಟಿಮೀಟರ್ ತಗೊಂಡು ಹೋಗಿ.

ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. 12.4ಕ್ಕಿಂತ ಕೆಳಗಿದ್ರೆ ಚಾರ್ಜ್ ಸಾಲದು. ಸ್ಟಾರ್ಟ್ ಮಾಡಿ 5,000 ಆರ್‌ಪಿಎಂಗೆ ಏರಿಸಿದಾಗ 13.5ರಿಂದ 14.7 ಒಳಗೆ ಇರಬೇಕು. 15 ದಾಟಿದ್ರೆ ರೆಗ್ಯುಲೇಟರ್ (ಚಾರ್ಜಿಂಗ್ ವೋಲ್ಟೇಜ್ ಹಿಡಿತದಲ್ಲಿಡೋದು) ಹೋಗಿದೆ, ಅದು ಬ್ಯಾಟರಿಯನ್ನ ಬೇಯಿಸುತ್ತೆ. 13 ಮುಟ್ಟದಿದ್ರೆ ಸ್ಟೇಟರ್ (ಕರೆಂಟ್ ಹುಟ್ಟಿಸೋ ಕಾಯಿಲ್), ರೆಗ್ಯುಲೇಟರ್, ನಡುವಿನ ಕನೆಕ್ಟರ್ ಮೂರನ್ನೂ ನೋಡಬೇಕು. ಹೆಚ್ಚಿನ ಸಲ ಕನೆಕ್ಟರ್ರೇ ಕರಟಿರುತ್ತೆ.

ಫ್ಯುಯಲ್ ಇಂಜೆಕ್ಷನ್ ತೊಂದರೆ ತಿಳಿಯೋಕೆ ಸ್ಕ್ಯಾನರ್ ಬೇಕಿಲ್ಲ. ಸೈಡ್ ಸ್ಟ್ಯಾಂಡ್ ಇಳಿಸಿ ಇಗ್ನಿಷನ್ ಆನ್ ಮಾಡಿ, ಹಳದಿ ಎಂಜಿನ್ ದೀಪ ಎಣಿಸಿ. ಉದ್ದ ಮಿನುಗು ಒಂದಕ್ಕೆ 10, ಗಿಡ್ಡ ಮಿನುಗು ಒಂದಕ್ಕೆ 1. 7 ಬಂದ್ರೆ ಕೂಲಂಟ್ ಟೆಂಪರೇಚರ್ ಸೆನ್ಸರ್, 8 ಥ್ರಾಟಲ್ ಪೊಸಿಷನ್, 9 ಒಳಗಾಳಿಯ ಟೆಂಪರೇಚರ್, 12 ಇಂಜೆಕ್ಟರ್, 21 ಆಕ್ಸಿಜನ್ ಸೆನ್ಸರ್, 29 ಐಡಲ್ ವಾಲ್ವ್. ಐದು ಉದ್ದ ನಾಲ್ಕು ಗಿಡ್ಡ ಅಂದ್ರೆ 54, ಗಾಡಿ ಬಿದ್ದಾಗ ಎಂಜಿನ್ ಆರಿಸೋ ಬ್ಯಾಂಕ್ ಆಂಗಲ್ ಸೆನ್ಸರ್. ಫೇರಿಂಗ್ ಹೊಸದಾಗಿ ಮಿರಿಮಿರಿ ಹೊಳೀತಾ ಇದ್ದು 54 ಕೋಡ್ ಬಂದ್ರೆ, ಎಲ್ಲಿ ಬಿತ್ತು ಅಂತ ನೇರ ಕೇಳಿ.

ಎಬಿಎಸ್ ದೀಪ ಕೀ ಹಾಕಿದಾಗ ಹತ್ತಲೇಬೇಕು, ಗಾಡಿ 10 ಕಿ.ಮೀ. ವೇಗ ಮುಟ್ಟಿದಾಗ ಆರಬೇಕು. ಹತ್ತೋದೇ ಇಲ್ಲ ಅಂದ್ರೆ ಬಲ್ಬನ್ನೋ ವೈರನ್ನೋ ಕಿತ್ತಿರಬಹುದು. ಆ ಗಾಡಿಯ ಎಬಿಎಸ್ ಮಾಡ್ಯೂಲ್ ಸತ್ತಿದೆ ಅಂತಲೇ ಲೆಕ್ಕ ಹಿಡಿದು ಚೌಕಾಸಿ ಮಾಡಿ.

ಹುಬ್ಬಳ್ಳಿ_ಹೈವೇ

ಇನ್ನೊಂದು ನೋಡ್ರಿ. ಮುಂದಿನ ಸ್ಪ್ರಾಕೆಟ್ ಹಲ್ಲು ಎಣಿಸ್ರಿ. ಕಂಪನಿದು 14, ಹಿಂದ 38. ಭಾಳ ಮಂದಿ 15 ಹಾಕಿಸಿರ್ತಾರ. ಸ್ಪೀಡ್ ಸೆನ್ಸರ್ ಗೇರ್‌ಬಾಕ್ಸ್ ಕಡೆ ಐತಿ, ಚಕ್ರದಾಗ ಅಲ್ಲ. ಅದಕ 15 ಹಾಕಿದ ಗಾಡಿ ಮೀಟರ್ ಓಡಿದ್ದಕ್ಕಿಂತ ಕಮ್ಮಿ ತೋರಸ್ತದ. ಮೊದಲಿಂದ 15 ಇದ್ದಿದ್ರ 46,000 ಅನ್ನೂದು ಖರೇ 49,000 ದಾಟಿರ್ತದ.

ಹಂಗಂತ 15 ಕೆಟ್ಟದ್ದಲ್ಲ. 14ರಾಗ ಆರನೇ ಗೇರಿಗೆ 100 ಕಿ.ಮೀ. ಹೋಗಬೇಕಂದ್ರ ಸುಮಾರು 6,200 ಆರ್‌ಪಿಎಂ, 15ರಾಗ 5,800. ಎನ್‌ಎಚ್ 48ರ ಮ್ಯಾಲ ಹುಬ್ಬಳ್ಳಿಯಿಂದ ಬೆಂಗಳೂರು ತನಕ ಆ 400 ಆರ್‌ಪಿಎಂ ಕೈಗೂ ಕಾಲಿಗೂ ಗೊತ್ತಾಗ್ತದ. ಒಂಟಿ ಸಿಲಿಂಡರಿನ ನಡುಕ ಕಮ್ಮಿ ಆಗ್ತದ. ಖರ್ಚೂ ಭಾಳ ಇಲ್ಲ.

ಘಟ್ಟದದಾರಿ

@ಹುಬ್ಬಳ್ಳಿ_ಹೈವೇ ನಿಮ್ಮ ದಾರಿಗೆ ಅದು ಸರಿ. ಇವರು ಕೇಳಿದ್ದು ಮಲೆನಾಡು, ಇಬ್ಬರು, ಜೊತೆಗೆ ಬ್ಯಾಗು. ಆಗುಂಬೆಯ 14 ಹೇರ್‌ಪಿನ್ ತಿರುವಲ್ಲಿ ಒಂದನೇ ಗೇರ್ ಶೇಕಡಾ 7ರಷ್ಟು ಉದ್ದ ಆದ್ರೆ ಪ್ರತಿ ತಿರುವಲ್ಲೂ ಕ್ಲಚ್ ಅರ್ಧ ಹಿಡಿದು ಏರಿಸಬೇಕಾಗುತ್ತೆ. ಕ್ಲಚ್ ಪ್ಲೇಟ್ ಸುಡುತ್ತೆ, ಎಂಜಿನ್ ಕಾಯುತ್ತೆ. ಇಳಿಯುವಾಗ ಎಂಜಿನ್ ಬ್ರೇಕಿಂಗ್ ಕೂಡ ಅಷ್ಟೇ ಕಡಿಮೆ, ಆ ಭಾರ ಬ್ರೇಕಿಗೆ ಬೀಳುತ್ತೆ. ಡಬಲ್ಸ್, ಘಟ್ಟ ಎರಡೂ ಇದ್ರೆ 14/38 ಮುಟ್ಟಬೇಡಿ ಅನ್ನೋದು ನನ್ನ ಖಚಿತ ಅಭಿಪ್ರಾಯ.

ಟೈರ್ ಬಗ್ಗೆ. 150 ಬೇಡ. ಕಂಪನಿ ಅಳತೆ ಮುಂದೆ 110/70-17, ಹಿಂದೆ 140/70-17, ಹಿಂದಿನ ರಿಮ್ 4 ಇಂಚು. ಜನ ಹಾಕೋ 150/60 ನೋಡೋಕೆ ದಪ್ಪ, ಆದರೆ ಸುತ್ತಳತೆ ಸಣ್ಣದು. ಲೆಕ್ಕ ಹಾಕಿ: 140ರ ಶೇಕಡಾ 70 ಅಂದ್ರೆ ಗೋಡೆ 98 ಮಿ.ಮೀ., 150ರ 60 ಅಂದ್ರೆ 90. ಗಾಡಿಯ ಹಿಂಭಾಗ 8 ಮಿ.ಮೀ. ಕೆಳಗಿಳಿಯುತ್ತೆ, ಗುಂಡಿಗೆ ಬಿದ್ದಾಗ ರಿಮ್ಮಿಗೆ ಇರೋ ರಕ್ಷಣೆಯೂ ಅಷ್ಟೇ ಕಮ್ಮಿಯಾಗುತ್ತೆ. ತಿರುವಿಗೆ ಹಾಕುವಾಗ ಭಾರ ಅನ್ನಿಸುತ್ತೆ. ದಪ್ಪ ಟೈರಿನ ದುಡ್ಡಲ್ಲಿ ಅದೇ ಅಳತೆಯ ಒಳ್ಳೇ ರೇಡಿಯಲ್ ಜೋಡಿ ಹಾಕಿಸಿ. ಮಿಶೆಲಿನ್ ಪೈಲಟ್ ಸ್ಟ್ರೀಟ್ ರೇಡಿಯಲ್, ಪಿರೆಲ್ಲಿ ಡಯಾಬ್ಲೊ ರೊಸ್ಸೊ 2 ಎರಡೂ ಈ ಅಳತೆಗೆ ಬಂದಿವೆ. ಒಂದು ರೇಡಿಯಲ್ ಒಂದು ಸಾದಾ ಬೆರೆಸಬೇಡಿ. ಗೋಡೆಯ ಮೇಲಿನ ನಾಲ್ಕಂಕಿ ಓದಿ: 2319 ಅಂದ್ರೆ 2019ರ 23ನೇ ವಾರ. ಟೈರಿನ ಗ್ರೂವ್ ಎಷ್ಟೇ ಆಳ ಉಳಿದಿರಲಿ, ಐದಾರು ವರ್ಷ ದಾಟಿದ ರಬ್ಬರ್ ಮಳೆಯಲ್ಲಿ ಹಿಡಿಯಲ್ಲ. ತಣ್ಣಗಿರುವಾಗ ಎರಡೂ ಚಕ್ರಕ್ಕೆ 29 ಪಿಎಸ್‌ಐ.

ಕರಾವಳಿ_ಕೀಲಿ

ಬ್ರೇಕಿನ ವಿಷಯ ಯಾರೂ ಬಿಡಿಸಿ ಹೇಳಲಿಲ್ಲ, ಹಾಗಾಗಿ ನಾನು ಬರೀತೇನೆ. ಸಿ-ಎಬಿಎಸ್ ಗಾಡಿಯಲ್ಲಿ ತುಂಬ ಕಡೆ ತಪ್ಪು ಮಾಡುವುದು ಇಲ್ಲೇ.

ಮುಂದಿನ ಕ್ಯಾಲಿಪರಿನಲ್ಲಿ ಮೂರು ಪಿಸ್ಟನ್ ಉಂಟು. ಕೈಯ ಲಿವರ್ ಹಿಡಿದರೆ ಅಂಚಿನ ಎರಡು ಕೆಲಸ ಮಾಡ್ತವೆ. ಕಾಲಿನ ಪೆಡಲ್ ಒತ್ತಿದರೆ ಹಿಂದಿನ ಕ್ಯಾಲಿಪರ್, ಅದರ ಜೊತೆಗೆ ಮುಂದಿನ ನಡುವಿನ ಪಿಸ್ಟನ್. ಅಂದರೆ ಪೆಡಲಿನ ಫ್ಲುಯಿಡ್ ಹಿಂದಿನಿಂದ ಮುಂದಿನ ಚಕ್ರದವರೆಗೂ ಹೋಗ್ತದೆ. ಬ್ಲೀಡ್ ಮಾಡುವಾಗ (ಲೈನಿನ ಹಳೇ ಫ್ಲುಯಿಡ್, ಗಾಳಿ ಹೊರಗೆ ಬಿಡುವಾಗ) ಹಿಂದಿನ ನಿಪ್ಪಲ್ ಒಂದನ್ನೇ ಬಿಚ್ಚಿ ಮುಚ್ಚಿದರೆ ಮುಂದಿನ ನಡುವಿನ ಪಿಸ್ಟನ್ ಲೈನಿನಲ್ಲಿ ಹಳೇ ಕೊಳಕು, ಗಾಳಿ ಎರಡೂ ಉಳೀತದೆ. ಪೆಡಲ್ ಸ್ಪಂಜಿನ ಹಾಗೆ ಇದೆ ಅಂತ ದೂರು ಬರುವುದು ಇದರಿಂದಲೇ.

ಕ್ರಮ ಹೀಗೆ: ಮೊದಲು ಎರಡೂ ಮಾಸ್ಟರ್ ಸಿಲಿಂಡರಿನ ಹಳೇ ಫ್ಲುಯಿಡ್ ಸಿರಿಂಜಿನಲ್ಲಿ ಎಳೆದು ತೆಗೀರಿ. ಹೊಸ ಡಾಟ್ 4 ಫ್ಲುಯಿಡ್ ತುಂಬಿ. ಲಿವರಿನ ಲೈನನ್ನು ಮುಂದಿನ ಅದರ ನಿಪ್ಪಲಿನಿಂದ ಬ್ಲೀಡ್ ಮಾಡಿ ಮುಗಿಸಿ. ಆಮೇಲೆ ಪೆಡಲಿನ ಲೈನ್: ಮುಂದಿನ ನಡುವಿನ ಪಿಸ್ಟನ್ನಿನ ನಿಪ್ಪಲ್, ನಂತರ ಹಿಂದಿನ ಕ್ಯಾಲಿಪರ್. ಫ್ಲುಯಿಡ್ ತಿಳಿ ಹಳದಿ ಬಣ್ಣ ಬರುವ ತನಕ ಬಿಡಿ. ಮಾಸ್ಟರ್ ಸಿಲಿಂಡರಿನ ಟ್ಯಾಂಕಿ ಖಾಲಿಯಾಗಿ ಗಾಳಿ ಎಳೆದರೆ ಪುನಃ ಮೊದಲಿಂದ. ಇದು ಎರಡು ವರ್ಷಕ್ಕೊಮ್ಮೆ ಆಗಲೇಬೇಕು. ನಮ್ಮ ಕರಾವಳಿಯ ತೇವಕ್ಕೆ ಫ್ಲುಯಿಡ್ ಬೇಗ ನೀರು ಹೀರ್ತದೆ, ನೀರು ಸೇರಿದ ಫ್ಲುಯಿಡ್ ಘಟ್ಟದ ಇಳಿಜಾರಿನಲ್ಲಿ ಬಿಸಿಗೆ ಕುದಿದು ಲಿವರ್ ಹ್ಯಾಂಡಲಿಗೆ ತಾಗ್ತದೆ.

ಸ್ಟೀಲ್ ಬ್ರೇಡೆಡ್ ಹೋಸ್ ಹಾಕಿಸಬೇಕಾ ಅಂತ ಕೇಳುವವರಿಗೆ: ಎಬಿಎಸ್ ಇಲ್ಲದ ಗಾಡಿಗೆ ಹಾಕಿ, ಎರಡೇ ಹೋಸ್, ಲಾಭ ಉಂಟು. ಸಿ-ಎಬಿಎಸ್‌ಗೆ ಹೋಸುಗಳು ತುಂಬ, ಖರ್ಚು ಹೆಚ್ಚು, ಸಿಗುವ ವ್ಯತ್ಯಾಸ ಕಡಿಮೆ. ಆ ದುಡ್ಡಲ್ಲಿ ಕ್ಯಾಲಿಪರ್ ಬಿಚ್ಚಿಸಿ ಪಿಸ್ಟನ್ ಸೀಲ್, ಸ್ಲೈಡ್ ಪಿನ್ ರಬ್ಬರ್ ಹೊಸದು ಹಾಕಿಸಿ, ಸಿಲಿಕಾನ್ ಗ್ರೀಸ್ ಸವರಿಸಿ ಮಾರಾಯ್ರೆ. ಪ್ಯಾಡ್ ಓರೆಯಾಗಿ ಸವೆಯುವುದು ಪಿನ್ ಹಿಡಿದದ್ದರಿಂದ.

ಮೈಸೂರ್‌ಮೈಲು

ತುಂಬಾ ಉಪಯೋಗ ಆಯ್ತು. ವಾಲ್ವ್ ಕ್ಲಿಯರೆನ್ಸ್ (ವಾಲ್ವ್ ಮೇಲಿನ ಸಣ್ಣ ಗ್ಯಾಪ್ ಸರಿಮಾಡೋದು) ಯಾವತ್ತೂ ಮಾಡಿಸಿದ ದಾಖಲೆ ಇಲ್ಲವಂತೆ. ಸದ್ದಿಲ್ಲ, ಹಾಗಾಗಿ ಬೇಕಿಲ್ಲ ಅಂದರು. ನಿಜವಾ? ಮತ್ತೆ ಇ20 (ಶೇಕಡಾ 20 ಎಥನಾಲ್ ಬೆರೆಸಿದ) ಪೆಟ್ರೋಲ್ ಈ ಗಾಡಿಗೆ ಏನು ಮಾಡುತ್ತೆ?

ಸ್ಪ್ಯಾನರ್‌ಸೆಟ್

ಸದ್ದಿಲ್ಲದಿರೋದೇ ಹೆದರಿಕೆಯ ವಿಷಯ ಸರ್. ವಾಲ್ವ್ ಸೀಟ್ ಸವೆದು ಗ್ಯಾಪ್ ಕಡಿಮೆಯಾದಾಗ ಸದ್ದು ಇನ್ನೂ ತಗ್ಗುತ್ತೆ. ಗ್ಯಾಪ್ ಪೂರ್ತಿ ಮುಚ್ಚಿದ್ರೆ ವಾಲ್ವ್ ಸೀಟಿನ ಮೇಲೆ ಸರಿಯಾಗಿ ಕೂರಲ್ಲ, ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿ ಬಿಟ್ಟುಕೊಡೋಕೆ ಆಗದೆ ಸುಡುತ್ತೆ. ಬೆಳಿಗ್ಗೆ ಸ್ಟಾರ್ಟಿಂಗ್ ಕಷ್ಟ, ಬಿಸಿಯಾದ ಮೇಲೆ ಐಡಲ್ ನಿಲ್ಲಲ್ಲ ಅನ್ನೋ ದೂರು ಬಂದಾಗ ಬಹಳ ಕಡೆ ಪ್ಲಗ್ಗು, ಬ್ಯಾಟರಿ, ಇಂಜೆಕ್ಟರ್ ಎಲ್ಲ ಬದಲಿಸಿ ಕೊನೆಗೆ ಇಲ್ಲಿಗೆ ಬರ್ತಾರೆ.

ಅಳತೆ: ಇನ್‌ಟೇಕ್ 0.16, ಎಕ್ಸಾಸ್ಟ್ 0.27 ಮಿ.ಮೀ., ಎರಡಕ್ಕೂ 0.03 ಹೆಚ್ಚುಕಮ್ಮಿ ನಡೆಯುತ್ತೆ. ಎಂಜಿನ್ ರಾತ್ರಿಯಿಡೀ ತಣ್ಣಗಾಗಿರಬೇಕು. ಫ್ಲೈವೀಲಿನ ಟಿ ಗುರುತು ಕೂರಿಸಿ, ನಾಲ್ಕೂ ವಾಲ್ವ್ ಸಡಿಲ ಇದ್ದಾವಾ ನೋಡಿ. ಇಲ್ಲದಿದ್ರೆ ಇನ್ನೊಂದು ಪೂರ್ತಿ ಸುತ್ತು. ಫೀಲರ್ ಗೇಜಲ್ಲಿ ಅಳೆದು ಬರೆದಿಟ್ಟುಕೊಳ್ಳಿ.

ಈ ಎಂಜಿನ್ನಿನ ಒಂದು ದೊಡ್ಡ ಗುಣ ಇಲ್ಲಿದೆ. ಕ್ಯಾಮ್‌ಶಾಫ್ಟ್ ಬಿಚ್ಚೋ ಅಗತ್ಯವೇ ಇಲ್ಲ. ರಾಕರ್ ಆರ್ಮ್ ಪಕ್ಕಕ್ಕೆ ಸರಿಸಿದ್ರೆ ಕೆಳಗಿನ ಶಿಮ್ (ಗ್ಯಾಪ್ ಹೊಂದಿಸೋ ಸಣ್ಣ ಬಿಲ್ಲೆ) ಮ್ಯಾಗ್ನೆಟ್‌ಗೆ ಎದ್ದು ಬರುತ್ತೆ. ಚೈನ್ ಗುಂಡಿಗೆ ಬಟ್ಟೆ ತುರುಕಿ, ಶಿಮ್ ಒಳಗೆ ಬಿದ್ರೆ ಎಂಜಿನ್ ಇಳಿಸಬೇಕಾಗುತ್ತೆ. ಹೊಸ ಶಿಮ್ ಲೆಕ್ಕ: ಅಳೆದ ಗ್ಯಾಪ್‌ನಲ್ಲಿ ಇರಬೇಕಾದ ಗ್ಯಾಪ್ ಕಳೆದು ಹಳೇ ಶಿಮ್ಮಿನ ದಪ್ಪ ಕೂಡಿಸಿ. ಎಕ್ಸಾಸ್ಟ್ 0.20 ಬಂತು, ಹಳೇ ಶಿಮ್ 1.850 ಅನ್ನಿ. 0.20 – 0.27 + 1.850 = 1.780. ಶಿಮ್ ಸಿಗೋದು 0.025 ಅಂತರದಲ್ಲಿ, 1.775 ಹಾಕಿ. ಹಳೇ ಶಿಮ್ಮನ್ನ ಮೈಕ್ರೋಮೀಟರಲ್ಲೇ ಅಳೆಯಿರಿ, ಮೇಲಿನ ಅಂಕಿ ಅಳಿಸಿರುತ್ತೆ. ಶಿಮ್ಮಿಗಿಂತ ಫೇರಿಂಗ್, ಟ್ಯಾಂಕ್ ಬಿಚ್ಚೋ ಕೆಲಸವೇ ಜಾಸ್ತಿ, ಹಾಗಾಗಿ ಅದೇ ದಿನ ಪ್ಲಗ್, ಏರ್ ಫಿಲ್ಟರ್, ಕೂಲಂಟ್ ಎಲ್ಲ ಮುಗಿಸಿ. ಏರ್ ಫಿಲ್ಟರ್ ಎಣ್ಣೆ ಸವರಿದ ಕಾಗದದ್ದು. ಗಾಳಿ ಹೊಡೆದು ಮತ್ತೆ ಹಾಕೋ ಹಾಗಿಲ್ಲ.

ಆಯಿಲ್: ಫಿಲ್ಟರ್ ಬದಲಿಸಿದ್ರೆ 1.5 ಲೀಟರ್, ಬದಲಿಸದಿದ್ರೆ 1.4. ದರ್ಜೆ 10ಡಬ್ಲ್ಯೂ-30, ಜಾಸೊ ಎಂಎ. ಫಿಲ್ಟರ್ ಎಂಜಿನ್ ಕವರ್ ಒಳಗಿನ ಕಾಗದದ ತುಂಡು, ಒಂದು ಬದಿಗೆ ಹೊರಗೆ ಬರಬೇಕು ಅನ್ನೋ ಗುರುತಿದೆ, ಒಳಬದಿಗೆ ಸ್ಪ್ರಿಂಗ್. ತಿರುಗುಮುರುಗಾಗಿ ಕೂರಿಸಿದ್ರೆ ಎಣ್ಣೆಯ ದಾರಿ ಕಟ್ಟುತ್ತೆ. ಬೇರೆಯವರ ಕೈಲಿ ಮಾಡಿಸಿದ್ರೂ ಆ ಒಂದು ಕ್ಷಣ ಪಕ್ಕದಲ್ಲಿ ನಿಂತು ನೋಡಿ. ಡಿಪ್‌ಸ್ಟಿಕ್ ಓದುವಾಗ ಗಾಡಿ ನೆಟ್ಟಗಿರಬೇಕು, ಕಡ್ಡಿ ತಿರುಗಿಸದೆ ಸುಮ್ಮನೆ ಇಳಿಬಿಡಬೇಕು. ತಿರುಗಿಸಿ ಓದಿದ್ರೆ ಇಲ್ಲದ ಎಣ್ಣೆ ಇದೆ ಅಂತ ತೋರಿಸುತ್ತೆ.

ತಂತಿಗಂಟು

ಇ20 ಬಗ್ಗೆ. ಎಥನಾಲ್‌ನಲ್ಲಿ ಲೀಟರಿಗೆ ಸಿಗೋ ಶಕ್ತಿ ಪೆಟ್ರೋಲಿನ ಮೂರನೇ ಎರಡರಷ್ಟು. ಹಾಗಾಗಿ ಇ20ಯಲ್ಲಿ ಶುದ್ಧ ಪೆಟ್ರೋಲಿಗಿಂತ ಶೇಕಡಾ 6–7ರಷ್ಟು ಶಕ್ತಿ ಕಡಿಮೆ, ಮೈಲೇಜ್ ಆ ಮಟ್ಟಕ್ಕೆ ಇಳಿಯೋದು ಸಹಜ. ಗಾಡಿ ಓಡ್ತಾ ಇದ್ರೆ ದೊಡ್ಡ ತೊಂದರೆ ಇಲ್ಲ. ತೊಂದರೆ ನಿಂತಾಗ. ಎಥನಾಲ್ ತೇವ ಹೀರುತ್ತೆ, ಮಳೆಗಾಲವಿಡೀ ಅರ್ಧ ಟ್ಯಾಂಕಲ್ಲಿ ನಿಂತ ಗಾಡೀಲಿ ನೀರು ತಳಕ್ಕೆ ಬೇರ್ಪಟ್ಟು ಟ್ಯಾಂಕ್ ತುಕ್ಕು ಹಿಡಿಯುತ್ತೆ, ಪಂಪಿನ ಜಾಲರಿ ಕಟ್ಟುತ್ತೆ. ಹಳೇ ರಬ್ಬರ್ ಹೋಸ್, ಓ-ರಿಂಗ್ ಊದಿ ಬಿರುಕು ಬಿಡ್ತವೆ.

ವಾಲ್ವಿಗೆ ಟ್ಯಾಂಕ್ ಹೇಗೂ ಎತ್ತುತ್ತೀರಿ. ಆಗ ಫ್ಯುಯಲ್ ಹೋಸ್ ಹೊಸದು ಹಾಕಿಸಿ, ಆದರೆ ಇಂಜೆಕ್ಷನ್ ದರ್ಜೆಯದ್ದೇ ಬೇಕು. ಲೈನ್ ಒತ್ತಡ 294 ಕಿಲೊಪಾಸ್ಕಲ್, ಕಾರ್ಬ್ಯುರೇಟರ್ ಗಾಡಿಯ ಮೀಟರ್ ಲೆಕ್ಕದ ಪೈಪ್ ತಡೆಯಲ್ಲ, ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚಿಮ್ಮುತ್ತೆ.

ಇನ್ನು ನಿಮ್ಮ ಎಲ್‌ಇಡಿ ಬಲ್ಬ್. ಈ ಮಾಡೆಲ್ಲಿನ ಹೆಡ್‌ಲೈಟ್ ಎಚ್4 ಬಲ್ಬಿಗೆ ಲೆಕ್ಕ ಹಾಕಿ ಮಾಡಿದ ರಿಫ್ಲೆಕ್ಟರ್. ಫಿಲಮೆಂಟ್ ಇರಬೇಕಾದ ಜಾಗದಿಂದ ಬೆಳಕು ಒಂದೆರಡು ಮಿ.ಮೀ. ಸರಿದ್ರೂ ಚೆಲ್ಲಾಪಿಲ್ಲಿ ಆಗುತ್ತೆ. ಎದುರಿನವರ ಕಣ್ಣು ಕುಕ್ಕುತ್ತೆ, ನಿಮ್ಮ ರಸ್ತೆಯ ಅಂಚು ಕತ್ತಲಾಗೇ ಇರುತ್ತೆ. 100/90 ವಾಟ್ ಹ್ಯಾಲೊಜೆನ್ ಕೂಡ ಬೇಡ: 60 ವಾಟಿಗೆ 5 ಆಂಪಿಯರ್ ಹೋಗೋ ತಂತಿಯಲ್ಲಿ 8.3 ಹರಿದು ಹೋಲ್ಡರ್ ಕರಗುತ್ತೆ.

ಸರಿಯಾದ ದಾರಿ: ಒಳ್ಳೇ ಕಂಪನಿಯ 60/55 ಬಲ್ಬ್, ಬ್ಯಾಟರಿಯಿಂದ ನೇರ ರಿಲೇ ವೈರಿಂಗ್. ರಿಲೇಯ 30ಕ್ಕೆ ಬ್ಯಾಟರಿ ಪ್ಲಸ್, 87 ಬಲ್ಬಿಗೆ, 86ಕ್ಕೆ ಹಳೇ ಹೆಡ್‌ಲೈಟ್ ತಂತಿ, 85 ಅರ್ತ್. ಫ್ಯೂಸ್ ಬ್ಯಾಟರಿಯಿಂದ ಗೇಣುದ್ದದೊಳಗೆ ಇರಲಿ. ಫ್ಯೂಸಿಗೂ ಬ್ಯಾಟರಿಗೂ ನಡುವಿನ ತಂತಿಗೆ ಯಾವ ಕಾವಲೂ ಇಲ್ಲ. ಇನ್ನೂ ಬೇಕಂದ್ರೆ 20 ವಾಟಿನ ಎರಡು ಫಾಗ್ ಲ್ಯಾಂಪ್: ಒಟ್ಟು 3.3 ಆಂಪಿಯರ್, 5 ಆಂಪಿಯರ್ ಫ್ಯೂಸ್, ಪ್ರತ್ಯೇಕ ರಿಲೇ, ಪ್ರತ್ಯೇಕ ಸ್ವಿಚ್, ಕೆಳಮುಖವಾಗಿ ತಿರುಗಿಸಿದ್ದು. ಬ್ಯಾಟರಿ ಬರೀ 6 ಆಂಪಿಯರ್-ಅವರ್‌ದು ಅನ್ನೋದು ನೆನಪಿರಲಿ. ಫೋನ್ ಚಾರ್ಜರ್ ಕೂಡ ಇಗ್ನಿಷನ್ ಆನ್ ಇದ್ದಾಗ ಮಾತ್ರ ಓಡಬೇಕು.

ಘಟ್ಟದದಾರಿ

ಈಗ ದುಡ್ಡು ಸಾರ್ಥಕ ಆಗೋ ಜಾಗ: ಸಸ್ಪೆನ್ಷನ್. ಹಿಂದಿನ ಮೋನೊಶಾಕ್‌ಗೆ ಐದು ಹಂತದ ಪ್ರಿಲೋಡ್ (ಸ್ಪ್ರಿಂಗ್ ಮೊದಲೇ ಎಷ್ಟು ಒತ್ತಿರಬೇಕು ಅನ್ನೋದು) ಬಿಟ್ರೆ ಬೇರೆ ಹೊಂದಾಣಿಕೆ ಇಲ್ಲ. 46,000 ಕಿ.ಮೀ. ಆದಮೇಲೆ ಒಳಗಿನ ಎಣ್ಣೆ ಸತ್ತಿರುತ್ತೆ. ಹಿಂದಿನ ಸೀಟು ಒತ್ತಿ ಬಿಡಿ: ಒಮ್ಮೆ ಎದ್ದು ನಿಂತ್ರೆ ಸರಿ, ಎರಡು ಮೂರು ಸಲ ತೂಗಿದ್ರೆ ಡ್ಯಾಂಪಿಂಗ್ (ತೂಗಾಟ ತಡೆಯೋ ಶಕ್ತಿ) ಹೋಗಿದೆ. ಪ್ರಿಲೋಡ್ ಐದಕ್ಕೆ ಏರಿಸಿದ್ರೆ ಎತ್ತರ ಬರುತ್ತೆ, ತೂಗೋದು ನಿಲ್ಲಲ್ಲ, ಇನ್ನೂ ಹೆಚ್ಚುತ್ತೆ. ಇಬ್ಬರ ತೂಕಕ್ಕೆ ತಕ್ಕ ಸ್ಪ್ರಿಂಗ್ ಇರೋ ಹೊಸ ಶಾಕ್ ಈ ಗಾಡಿಗೆ ಮಾಡಬಹುದಾದ ಅತ್ಯುತ್ತಮ ಅಪ್‌ಗ್ರೇಡ್. ಅದಾಗದಿದ್ರೆ ಬಿಚ್ಚಿ ಗ್ಯಾಸ್ ತುಂಬಿ ರೀಬಿಲ್ಡ್ ಮಾಡೋರ ಹತ್ತಿರ ಕೊಡಿ. ಪ್ರೋ-ಲಿಂಕ್ (ಹಿಂದಿನ ಶಾಕ್ ಕೂಡಿಸೋ ಲಿಂಕೇಜ್) ಬುಷ್‌ಗಳನ್ನೂ ಅದೇ ಹೊತ್ತಿಗೆ ಬಿಚ್ಚಿ ಗ್ರೀಸ್ ಮಾಡಿಸಿ. ಅಲ್ಲಿ ತುಕ್ಕು ಹಿಡಿದಿದ್ರೆ ಎಷ್ಟು ಬೆಲೆಯ ಶಾಕ್ ಹಾಕಿದ್ರೂ ಅಲುಗಾಡಲ್ಲ.

ಮುಂದೆ 37 ಮಿ.ಮೀ. ಫೋರ್ಕ್. ಎಣ್ಣೆಯನ್ನ ಬರೀ ಮಿಲಿಲೀಟರ್ ಲೆಕ್ಕದಲ್ಲಿ ಸುರಿಯೋದು ಸಾಲದು. ಹಳೇದು ಪೂರ್ತಿ ಇಳಿದಿರಲ್ಲ, ಎರಡು ಕಾಲು ಬೇರೆ ಬೇರೆ ಆಗುತ್ತೆ. ಸ್ಪ್ರಿಂಗ್ ತೆಗೆದು, ಫೋರ್ಕ್ ಪೂರ್ತಿ ಒತ್ತಿ, ಮೇಲಿನ ಬಾಯಿಂದ ಎಣ್ಣೆಯ ಮಟ್ಟ ಅಳೆದು ಎರಡೂ ಕಾಲಿಗೆ ಸಮ ಮಾಡಿ. ಕೂತಾಗ ಫೋರ್ಕ್ ತನ್ನ ಒಟ್ಟು ಚಲನೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿದ್ರೆ ಸ್ಪ್ರಿಂಗ್ ಸೋತಿದೆ.

ಬ್ಯಾಗ್: ಭಾರವಾದ್ದು ಕೆಳಗೆ, ಮುಂದಕ್ಕೆ. ಸೈಲೆನ್ಸರ್ ಬದಿಗೆ ಅಂಗೈ ಅಗಲ ಜಾಗ ಬಿಡಿ. ಬ್ಯಾಗಿನ ಪಟ್ಟಿಯ ತುದಿಗಳನ್ನ ಕಟ್ಟಿ ಟೇಪ್ ಸುತ್ತಿ, ಒಂದು ಪಟ್ಟಿ ಸ್ಪ್ರಾಕೆಟ್‌ಗೆ ಸಿಕ್ಕಿದ್ರೆ ಹಿಂದಿನ ಚಕ್ರ ಲಾಕ್. ಬ್ಯಾಗ್ ಹಾಕಿದ ಮೇಲೆ ಹೆಡ್‌ಲೈಟ್ ಮಟ್ಟ ಮತ್ತೆ ನೋಡಿ.

ಹುಬ್ಬಳ್ಳಿ_ಹೈವೇ

ಘಟ್ಟದ ಮಾತು ಒಪ್ಪಿದೆರಿ, ಡಬಲ್ಸಿಗೆ 14 ಇರ್ಲಿ. ಸೈಲೆನ್ಸರ್ ಮಾತ್ರ ಬ್ಯಾಡ. ಕಾನೂನಿನ ಪ್ರಕಾರ ತಪ್ಪು, ಕ್ಯಾಟಲಿಟಿಕ್ ಹೋದ್ರ ಎಮಿಷನ್ ಪಾಸ್ ಆಗೂದಿಲ್ಲ, ದಿನಕ್ಕ ಎಂಟು ತಾಸು ಆ ಸದ್ದಿನಾಗ ಕುಂತ್ರ ತಲಿ ಕೆಡ್ತದ.

ಕಾಗದಪತ್ರ: 2012ರ ಗಾಡಿ ಅಂದ್ರ ಆರ್‌ಸಿ 2027ಕ್ಕ 15 ವರ್ಷ ಮುಗೀತದ. ಮುಂದ ಐದು ವರ್ಷಕ್ಕ ಫಾರಂ 25 ಹಾಕಿ, ಗಾಡಿ ತೋರಿಸಿ, ಹಸಿರು ತೆರಿಗೆ ಕಟ್ಟಿ ನವೀಕರಿಸಬೇಕು. ಆ ಖರ್ಚು ಈಗಿನ ರೇಟಿನಾಗ ಕಳೀರಿ. ಹೆಸರು ಬದಲಿಗೆ ಫಾರಂ 29, 30. ಸಾಲ ಇದ್ದಿದ್ರ ಬ್ಯಾಂಕಿನ ಸಹಿ ಇರೂ ಫಾರಂ 35. ಇನ್ಶೂರೆನ್ಸ್ 14 ದಿನದೊಳಗ ನಿಮ್ಮ ಹೆಸರಿಗೆ ಅರ್ಜಿ ಹಾಕ್ರಿ. ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಹಾಕಿಸ್ಯಾರೇನು ನೋಡ್ರಿ. ಚಾಸಿ ನಂಬರ್ ಕಂಪನಿ ವೆಬ್‌ಸೈಟಿನಾಗ ಹಾಕಿ ಯಾವುದರ ರೀಕಾಲ್ ಬಾಕಿ ಐತೇನು ಅನ್ನೂದೂ ತಿಳ್ಕೊಳ್ರಿ.

ಸ್ಪೇರ್ ಮಾತಿಗೆ ಬಂದ್ರ, 2020ರಾಗ ಈ ಮಾಡೆಲ್ ನಿಂತೈತಿ. ಫಿಲ್ಟರ್, ಪ್ಯಾಡ್, ಕೇಬಲ್ ಸಿಗ್ತಾವ. ಫೇರಿಂಗ್ ತುಂಡು, ಅದರ ಕ್ಲಿಪ್ಪು ತುಟ್ಟಿ. ಬೆಂಗಳೂರಿಗೆ ಹೋದಾಗ ಜೆ.ಸಿ. ರೋಡಿನಾಗ ಕ್ಲಿಪ್ ಒಂದು ಡಜನ್ ತಂದಿಡ್ರಿ.

ಮೈಸೂರ್‌ಮೈಲು

ಪಟ್ಟಿ ಪೂರ್ತಿ ಬದಲಾಯ್ತು: ಟೈರ್ ಜೋಡಿ, ಬ್ರೇಕ್ ಫ್ಲುಯಿಡ್ ಮತ್ತು ಸೀಲ್, ಕೋನ್ ಸೆಟ್, ವಾಲ್ವ್, ಹೋಸ್, ಹಿಂದಿನ ಶಾಕ್, ಆಮೇಲೆ ರಿಲೇ. ವೈಸರ್ ಮಾತ್ರ ಉಳಿಸಿಕೊಂಡೆ. ಇಂದು ಮತ್ತೆ ಗಾಡಿ ನೋಡಿದಾಗ ಬಲಗಡೆ ಫೋರ್ಕ್ ಸೀಲ್ ಹತ್ತಿರ ಎಣ್ಣೆಯ ಉಂಗುರ ಕಂಡಿತು. ಮುಂದಿನ ಪ್ಯಾಡ್ ಹೊಸದು ಹಾಕಿಸಿ ಕೊಡ್ತೀನಿ ಅಂತಿದ್ದಾರೆ.

ಕರಾವಳಿ_ಕೀಲಿ

ಪ್ಯಾಡ್ ಈಗ ಹಾಕಿಸಬೇಡಿ, ಅದರ ದುಡ್ಡು ಬೆಲೆಯಲ್ಲಿ ಕಡಿಮೆ ಮಾಡಿಸಿ. ಮೊದಲು ಹಳೇ ಎಕ್ಸ್‌ರೇ ಫಿಲ್ಮಿನ ತೆಳು ಪಟ್ಟಿ ಸೀಲಿನ ತುಟಿಯೊಳಗೆ ಹಾಕಿ ಸುತ್ತ ಎಳೆದು ಮಣ್ಣು ತೆಗೆದು ನೋಡಿ, ಕೆಲವೊಮ್ಮೆ ಅಷ್ಟಕ್ಕೇ ನಿಲ್ತದೆ. ನಿಲ್ಲದಿದ್ದರೆ ಫೋರ್ಕ್ ಪೈಪಿನ ಮೇಲೆ ಉಗುರು ಆಡಿಸಿ. ಉಗುರಿಗೆ ತಾಗುವ ಗೀರು, ತುಕ್ಕಿನ ಚುಕ್ಕಿ ಇದ್ದರೆ ಹೊಸ ಸೀಲೂ ತಿಂಗಳೊಳಗೆ ಹರೀತದೆ, ಪೈಪನ್ನೇ ಸರಿ ಮಾಡಿಸಬೇಕು. ಪೈಪ್ ನುಣುಪಿದ್ದರೆ ಎರಡೂ ಕಾಲಿನ ಸೀಲ್, ಡಸ್ಟ್ ಸೀಲ್ ಒಟ್ಟಿಗೆ ಹಾಕಿಸಿ, ಕೋನ್ ಸೆಟ್ ಬಿಚ್ಚುವ ದಿನವೇ. ಎಣ್ಣೆ ತಾಗಿದ ಪ್ಯಾಡನ್ನು ಸುಟ್ಟು, ಉಜ್ಜಿ ಉಳಿಸಲಿಕ್ಕೆ ಆಗುವುದಿಲ್ಲ. ಡಿಸ್ಕ್ ಬ್ರೇಕ್ ಕ್ಲೀನರಿನಲ್ಲಿ ಒರೆಸಿ, ಸೀಲ್ ಒಣಗಿದೆ ಅಂತ ಎರಡು ದಿನ ಓಡಿಸಿ ನೋಡಿದ ಮೇಲೆ ಹೊಸ ಪ್ಯಾಡ್ ಹಾಕಿ.